ಕನ್ನಡಕದೊಳಗಿನ ಅಂಗಡಿಗೆ ಹೊರಗಿನ ಅಂಜಮ್ಮ

ಬೆಳಗಿನ ಆರಕ್ಕೆಲ್ಲ ಅಂಜಮ್ಮನ ಕೈಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿ. ಹೆಲ್ಮೆಟ್ಟಿನಷ್ಟು ಭಾರದ, ಉದ್ದುದ್ದ ವೈರು ಇಳಿಬಿಟ್ಟ ಕಪ್ಪು ಕನ್ನಡಕವನ್ನು ಒರೆಸುತ್ತಾ ಗೋಡೆಯ ಬಲ್ಬನ್ನೇ ನೋಡುತ್ತಿದ್ದಾರೆ. ಕೋಲಾರದಲ್ಲಿ ಈ ಬೇಸಿಗೆ ಎಂಟು ಗಂಟೆಯ ಮೇಲೆ ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಈ ಆಸ್ಪತ್ರೆಯಲ್ಲಿ ತಲೆಗೆ ಪೆಟ್ಟು ಬಿದ್ದವರ ಪರೀಕ್ಷೆ ಕೋಳಿ ಕೂಗುವ ಹೊತ್ತಿಗೇ ಶುರು.

"ಇಷ್ಟು ದೊಡ್ಡ ಮೆಷಿನ್ ತಂದೋರು ಒಂದು ಜನರೇಟ್ರು ಯಾಕೆ ತರ್ಲಿಲ್ಲ? ನೀವಾದ್ರೂ ಕೇಳಿ ಸಾರ್." ಪತ್ರಿಕೆಗೆ ಬರೆಯಲು ಬಂದ ನನ್ನನ್ನು ಕಂಡು ಅವರಾಡಿದ ಮೊದಲ ಮಾತೇ ಇದು. ನಮಸ್ಕಾರಕ್ಕೆ ಪುರುಸೊತ್ತಿಲ್ಲ.

ಕನ್ನಡಕ ಹಾಕಿಕೊಂಡರೆ ಕಣ್ಣೆದುರು ಭಾರಿ ಅಂಗಡಿಯೊಂದು ತೆರೆದುಕೊಳ್ಳುತ್ತದೆ. ಡಾಕ್ಟರು ಹೇಳಿದ ಸಾಮಾನುಗಳನ್ನು ಒಂದೊಂದಾಗಿ ಆರಿಸಿ, ಬುಟ್ಟಿಗೆ ಹಾಕಿ, ಬಾಗಿಲಿಗೆ ಬರಬೇಕು. ರೋಗಿಗೆ ಕಾಣುವುದೆಲ್ಲ ಪಕ್ಕದ ಪರದೆಯಲ್ಲೂ ಮೂಡುತ್ತದೆ. ನಡಿಗೆ ಸರಿ, ಮಾತು ಸರಿ. ಆದರೆ ಒಂದು ಕೆಲಸವನ್ನು ಯೋಚಿಸಿ, ಕ್ರಮವಾಗಿ ಮಾಡಿ ಮುಗಿಸುವ ಶಕ್ತಿ ಕೆಟ್ಟಿದೆಯೇ? ಡಾ. ಮೇಧಾ ಹುಡುಕುವುದು ಇದನ್ನು. ವಕ್ಕಲೇರಿಯ ಅಂಜಮ್ಮ ಇಲ್ಲೇ ನೆಲ ಒರೆಸುತ್ತಿದ್ದವರು. ಈಗ ದಿನಕ್ಕೆ ಆರೇಳು ಜನಕ್ಕೆ ಕನ್ನಡಕ ಕಟ್ಟುತ್ತಾರೆ, ಬೀಳದಂತೆ ಹಿಡಿಯುತ್ತಾರೆ, ತಲೆ ಸುತ್ತಿ ವಾಂತಿ ಮಾಡಿದರೆ ಬಳಿಯುತ್ತಾರೆ. ಇಡೀ ಆಸ್ಪತ್ರೆ ಅವರನ್ನು 'ಟಿವಿ ಆಯಮ್ಮ' ಎನ್ನುತ್ತದೆ. ಹೆಸರಿಟ್ಟು ಕರೆದರೆ ಇವರ ಗಂಟೇನು ಹೋಗುತ್ತಿತ್ತೋ!

ಮೊದಲು ಬಂದವರಿಗೆಲ್ಲ ಸೊನ್ನೆ. ಯಾಕೆಂದರೆ ಯಾರೂ ಏನನ್ನೂ ಮುಟ್ಟಲಿಲ್ಲ. ನಮ್ಮ ಕಡೆ ಅಂಗಡಿ ಎಂದರೆ ಹೊರಗೆ ನಿಂತು ಕೇಳುವುದು, ಒಳಗಿದ್ದವರು ಕೊಡುವುದು. ತಾನೇ ಕೈಹಾಕಿದರೆ ಕಳ್ಳತನ. "ಎವರೂ ಲೇರು ಕದಮ್ಮಾ, ಯಾರೂ ಇಲ್ವಲ್ಲ, ಯಾರನ್ನ ಕೇಳಿ ತಗೊಳ್ಳಲಿ?" ಎಂದು ಮುದುಕರೊಬ್ಬರು ಕೈಕಟ್ಟಿ ನಿಂತೇ ಬಿಟ್ಟರಂತೆ.

ಆಮೇಲೆ ಇದ್ದಕ್ಕಿದ್ದಂತೆ ಎಲ್ಲರಿಗೂ ನೂರಕ್ಕೆ ನೂರು. ಡಾಕ್ಟರು ಅನುಮಾನಪಟ್ಟು ಕದ್ದು ನೋಡಿದರೆ, ಅಂಜಮ್ಮ ರೋಗಿಯ ಕಿವಿಯಲ್ಲಿ "ಬಲಗಡೆ ಬೇಳೆ, ಬಲಗಡೆ" ಎಂದು ಪಿಸುಗುಡುತ್ತಿದ್ದಾರೆ!

"ಪಾಪ ಅನ್ನಿಸ್ತು ಸಾರ್, ಕಣ್ಣು ಕಟ್ಟಿ ಬಿಟ್ಟಂಗೆ ತಡಕಾಡ್ತಾರೆ. ಡಾಕ್ಟ್ರಮ್ಮ ಸರಿಯಾಗಿ ಉಗುದ್ರು. ಉಗೀಬೇಕಾದ್ದೇ." ಈಗ ಇಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದಾರೆ. ಶುರುವಿನಲ್ಲಿ ಒಂದೇ ಸಲ "ಅಂಗಡಿ ನಿಮ್ದೇ, ತಗೊಳ್ಳಿ" ಎನ್ನಬೇಕು. ಆಮೇಲೆ ಬಾಯಿ ಮುಚ್ಚಬೇಕು.

ಪುಕ್ಕಟೆ ನೂರು ಪಡೆದವರಲ್ಲಿ ಯಲ್ದೂರಿನ ವೆಂಕಟರಾಯಪ್ಪನೂ ಒಬ್ಬರು. ಮಾವಿನಮರದಿಂದ ಬಿದ್ದವರು. ಪರೀಕ್ಷೆಯಲ್ಲಿ ಏನೂ ಇಲ್ಲ ಎಂದ ಮೇಲೆ ಮನೆಯಲ್ಲಿ ಉಳಿದದ್ದು ಒಂದೇ ಮಾತು: ಸೋಮಾರಿ. ಇವತ್ತು ಅವರಿಗೆ ಮರುಪರೀಕ್ಷೆ. ಅವರ ಹೆಂಡತಿ ಬೈರಮ್ಮ ಬಂದಾಗಿನಿಂದ ಕುದಿಯುತ್ತಿದ್ದಾರೆ.

"ಒಲೆ ಮೇಲೆ ಎಸರಿಟ್ಟು ಎದ್ದು ಹೋಗ್ತಾರೆ. ಹಸು ಬಿಚ್ಕೊಂಡು ಹೋಗಿ ನಡುರಸ್ತೇಲಿ ನಿಂತ್ಕೊತಾರೆ. ಕೇಳಿದ್ರೆ ನಗ್ತಾರೆ. ಮೈಗಳ್ಳತನ, ಇನ್ನೇನು! ಊಟ ಮಾತ್ರ ಮರೆಯಲ್ಲ. ಇವತ್ತೂ ಏನೂ ಇಲ್ಲ ಅಂದ್ರೆ ಇಲ್ಲಿಂದ್ಲೇ ಗೌನಿಪಲ್ಲಿ ಬಸ್ಸು ಹತ್ತಿ ನಮ್ಮಮ್ಮನ ಮನೆಗೆ ಹೋಗ್ತೀನಿ. ಸಾಕಾಗಿದೆ."

ಅಂಜಮ್ಮ ಕನ್ನಡಕ ಬಿಗಿಯುತ್ತಾರೆ. "ಅಂಗಡಿ ನಿಮ್ದೇ ಅಣ್ಣಾ, ತಗೊಳ್ಳಿ." ಅಷ್ಟೇ, ಸೆರಗಿನ ತುದಿ ಬಾಯಿಗೆ ಹೋಗುತ್ತದೆ.

ಡಾಕ್ಟರು ಹೇಳಿದ್ದು ಅಕ್ಕಿ, ಬೇಳೆ, ಎಣ್ಣೆ. ವೆಂಕಟರಾಯಪ್ಪ ಅಕ್ಕಿ ಹಾಕುತ್ತಾರೆ. ಬೇಳೆ ಹಾಕುತ್ತಾರೆ. "ಎಣ್ಣೆ, ಎಣ್ಣೆ," ಎನ್ನುತ್ತಾ ಮತ್ತೆ ಅಕ್ಕಿ ಹಾಕುತ್ತಾರೆ. "ಎಣ್ಣೆ" ಎನ್ನುತ್ತಲೇ ಇನ್ನೊಂದು ಅಕ್ಕಿ.

"ಅಕ್ಕಿ ಆಯ್ತಲ್ರೀ!" ಬೈರಮ್ಮ ಕಿರುಚುತ್ತಾರೆ. ಅಂಜಮ್ಮ ಕಣ್ಣು ಕೆಕ್ಕರಿಸಿ ತುಟಿಯ ಮೇಲೆ ಬೆರಳಿಡುತ್ತಾರೆ. ಪರದೆಯಲ್ಲಿ ಎಣ್ಣೆಯ ಡಬ್ಬ ಎದುರಿಗೇ ಇದೆ. ವೆಂಕಟರಾಯಪ್ಪನ ಕೈ ಮಾತ್ರ ಮತ್ತೆ ಅಕ್ಕಿಗೇ ಹೋಗುತ್ತದೆ. ಬುಟ್ಟಿಯ ತುಂಬ ಅಕ್ಕಿ. ನನಗೇ ತಡೆಯಲಾಗುತ್ತಿಲ್ಲ, ಹೋಗಿ ಆ ಕೈ ಹಿಡಿದು ಎಣ್ಣೆಯ ಮೇಲೆ ಇಟ್ಟುಬಿಡೋಣ ಎನ್ನಿಸುತ್ತದೆ.

ಬೈರಮ್ಮನ ದನಿ ಇಳಿದಿದೆ. "ಬಾಯಲ್ಲಿ ಎಣ್ಣೆ ಅಂತಾವ್ರೆ, ಕೈ ಕೇಳ್ತಿಲ್ಲ... ಅಂಗಿ ಎಲ್ಲ ಒದ್ದೆ ನೋಡಿ. ಬೇಕೂ ಅಂತ ಮಾಡೋರು ಹಿಂಗೆ ಬೆವರ್ತಾರಾ ಡಾಕ್ಟ್ರೇ?"

"ಬೇಕೂ ಅಂತ ಅಲ್ಲಮ್ಮ, ಪೆಟ್ಟಿನಿಂದ ಆಗಿರೋದು," ಎನ್ನುತ್ತಾರೆ ಡಾ. ಮೇಧಾ. ಎಷ್ಟರಮಟ್ಟಿಗೆ ಸರಿಹೋಗುತ್ತದೋ ಹೇಳಲಾಗದು. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಅದು ಮುಗಿದ ಮೇಲೆ ಇನ್ನೊಂದು ಹೇಳಬೇಕಂತೆ.

ಬೈರಮ್ಮ ಸೆರಗಿನಿಂದ ಗಂಡನ ಮುಖ ಒರೆಸುತ್ತಾರೆ. "ಎದ್ದೇಳಿ." ಕಾಯುತ್ತಾರೆ. ಅವರು ಏಳುತ್ತಾರೆ. "ಚಪ್ಪಲಿ ಹಾಕ್ಕೊಳ್ಳಿ." ಮತ್ತೆ ಕಾಯುತ್ತಾರೆ.

"ಯಾವ ಬಸ್ಸಮ್ಮಾ?" ಅಂಜಮ್ಮ ಮೆಲ್ಲಗೆ ಕೇಳುತ್ತಾರೆ.

"ಯಲ್ದೂರು ಬಸ್ಸು ಕಣಕ್ಕಾ, ಇನ್ಯಾವ್ದು!" ಬೈರಮ್ಮ ರೇಗುತ್ತಾರೆ. ರೇಗುತ್ತಲೇ ಗಂಡನ ಕೈ ಹಿಡಿದು ಮೆಟ್ಟಿಲಿಳಿಯುತ್ತಾರೆ.

ಅಂಜಮ್ಮ ಕನ್ನಡಕಕ್ಕೆ ಅಂಟಿದ ಬೆವರನ್ನು ಒರೆಸುತ್ತಾ ನನ್ನ ಕಡೆ ತಿರುಗುತ್ತಾರೆ. "ಇವತ್ತು ನಾನು ಬಾಯಿ ಬಿಡ್ಲಿಲ್ಲ ಸಾರ್. ಅದೊಂದು ಬರ್ಕೊಳ್ಳಿ."