ಎಡೆಗಿಟ್ಟ ಇಸ್ಪೀಟು

ನಮ್ಮ ಯಜಮಾನರು ಕರಿಯಪ್ಪ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದರು. ಗೂಡು ಬೇಯಲು ಬಿಟ್ಟು, ಮನೆಯ ಕಂಪ್ಯೂಟರಿನಲ್ಲಿದ್ದ ಇಸ್ಪೀಟಾಟಕ್ಕೆ ಕೂತುಬಿಡುತ್ತಿದ್ದರು. ಗೂಡು ಹೆಚ್ಚು ಬೆಂದು ಎಳೆಯೆಲ್ಲ ತುಂಡಾಗುತ್ತಿತ್ತು.

“ಏಳ್ರೀ” ಎಂದರೆ, “ಒಸಿ ತಡಿ ಕಣಮ್ಮಿ, ಆಟ ಮುಗೀಲಿ” ಎನ್ನುತ್ತಿದ್ದರು. ಬೈದು ಬೈದು ನನಗೆ ಸಾಕಾಗಿತ್ತು.

ಮೊನ್ನೆ ಅವರ ವರ್ಷದ ತಿಥಿ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡಬೇಕಲ್ಲ, ಮಗಳು ಲತಾಮಣಿ ಆ ಕಂಪ್ಯೂಟರನ್ನೂ ಫೋಟೋ ಮುಂದೆ ತಂದಿಟ್ಟು ಆಟ ಹಾಕಿದಳು.

“ಆ ಸವತೀನ ಆಚೆಗೆ ಎಸಿ” ಎಂದೆ.

“ಬರೀ ಮುದ್ದೆಗೆ ಅಪ್ಪ ಬಂದಾರಾ? ಸುಮ್ಕಿರವ್ವ.”

ಅವರು ಬಂದು ಎಡೆ ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂತೆವು. ಹಸಿದ ನೆಂಟರು ಗೊಣಗತೊಡಗಿದರು. ಲತಾಮಣಿ ಬಾಗಿಲು ತೆಗೆಯಲು ಎದ್ದಳು.

ಕೈ ಹಿಡಿದು ಕೂರಿಸಿದೆ. “ಒಸಿ ತಡಿಯೇ, ಆಟ ಮುಗೀಲಿ.”