ಲೆಕ್ಕಕ್ಕೆ ಬಾರದ ಎಳನೀರು

ಯಾರು ಏನು ತಿಂದರೆಂದು ವಿಚಾರಿಸುವುದು ಬಿಳಿಗೆರೆಯ ಯೋಗಿತಾಳಿಗೆ ಚಿಕ್ಕಂದಿನ ಚಾಳಿ. ನೆಂಟರು ಚಪ್ಪಲಿ ಬಿಡುವ ಮೊದಲೇ "ಏನ್ ಉಂಡ್ರಿ?" ಎಂದು ಕೇಳಿ ಅವ್ವನಿಂದ ಬೈಸಿಕೊಳ್ಳುತ್ತಿದ್ದಳು. ಆ ಚಾಳಿಯೇ ಮುಂದೆ ಓದಾಯಿತು. ಆಹಾರಶಾಸ್ತ್ರದ ಕೊನೆಯ ವರ್ಷದ ತರಬೇತಿಗೆಂದು ತಿಪಟೂರಿನ ಒಂದು ಆಸ್ಪತ್ರೆಗೆ ಬಂದಳು.

ಅಲ್ಲಿನ ಡಾಕ್ಟರಿಗೆ ಒಂದು ಹಟ. ನರ್ಸಿಂಗ್ ಓದುವವರು, ಫಿಸಿಯೋಥೆರಪಿಯವರು, ಪಥ್ಯ ಹೇಳುವವರು ತಮ್ಮ ಪಾಡಿಗೆ ರೋಗಿಯನ್ನು ನೋಡಿ ಹೋಗಕೂಡದು; ದಿನವೂ ಒಟ್ಟಿಗೆ ಕೂತು, ತಾವು ಕಂಡದ್ದನ್ನು ಉಳಿದವರಿಗೆ ಹೇಳಬೇಕು. ಯೋಗಿತಾಳಿಗೆ ಇದು ಹಿಡಿಸಲಿಲ್ಲ. ತನ್ನ ಪಥ್ಯದ ವಿಷಯ ಕೈಕಾಲು ಆಡಿಸುವವರಿಗೆ ಯಾಕೆ ಎಂದು ಮೂಗು ಮುರಿದಳು. ಓದಿದ ಹುಡುಗಿಯ ಜಂಬ, ಇರಲಿ.

ಆಗ ವಾರ್ಡಿನಲ್ಲಿ ಹೊನ್ನವಳ್ಳಿಯ ಮಾಯಣ್ಣ ಕಿಡ್ನಿ ಕೆಟ್ಟು ಮಲಗಿದ್ದ. ರಕ್ತದಲ್ಲಿ ಪೊಟ್ಯಾಶಿಯಂ ಏರಿತ್ತು. ಅದು ಮಿತಿ ಮೀರಿದರೆ ಎದೆಬಡಿತವೇ ನಿಲ್ಲಬಹುದು. ಔಷಧಿ ಕೊಟ್ಟರೆ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಮಾರನೆಯ ಬೆಳಿಗ್ಗೆಗೂ ಇಳಿಯದಿದ್ದರೆ ಡಯಾಲಿಸಿಸ್‌ಗೆ ತುಮಕೂರಿಗೆ ಕಳಿಸುವುದೇ ಎಂದು ಡಾಕ್ಟರ್ ಹೇಳಿದ್ದರು. ಅದನ್ನು ಕೇಳಿದಾಗಿನಿಂದ ಅವನ ಹೆಂಡತಿ ಕೆಂಪಕ್ಕನಿಗೆ ಅನ್ನ ಸೇರುತ್ತಿರಲಿಲ್ಲ.

ಯೋಗಿತಾ ಬಾಳೆಹಣ್ಣು ನಿಲ್ಲಿಸಿದ್ದಳು, ತರಕಾರಿ ಬೇಯಿಸಿ ನೀರು ಬಸಿಯಲು ಹೇಳಿದ್ದಳು.

"ಬೇರೆ ಏನಾದ್ರೂ ತಿಂದ್ರಾ ತಾತ?"

"ನಿನ್ನಾಣೆ ಇಲ್ಲ ಕಣವ್ವ. ನೀನ್ ಹೇಳಿದ್ದು ಬುಟ್ರೆ ಒಂದ್ ತುತ್ತೂ ಬಾಯಿಗ್ ಹಾಕಿಲ್ಲ."

ಮಾಯಣ್ಣ ಸುಳ್ಳು ಹೇಳುವ ಆಸಾಮಿಯಲ್ಲ.

ಅವತ್ತು ಮಧ್ಯಾಹ್ನ ಎಲ್ಲರೂ ಕೂತರು. ನರ್ಸಿಂಗಿನ ಹಾಲಸ್ವಾಮಿ ಮಾತ್ರೆ ತಪ್ಪಿಲ್ಲ ಎಂದ. ಯೋಗಿತಾ ಪಥ್ಯ ತಪ್ಪಿಲ್ಲ ಎಂದಳು. ಫಿಸಿಯೋಥೆರಪಿಯ ಇಂಪನಾ ಬೆಂಗಳೂರಿನ ಹುಡುಗಿ, ಮಾತು ಕಡಿಮೆ.

"ನಂದೇನು ದೊಡ್ಡ ವಿಷ್ಯ ಅಲ್ಲ ಸಾರ್. ಅವರನ್ನ ಇಳಿಸಿ ನಡೆಸೋಕೆ ಹೋದ್ರೆ ಮಂಚದ ಕೆಳಗಿರೋ ಎಳನೀರು ಕಾಲಿಗೆ ಸಿಗುತ್ವೆ. ದಿನಾ ಹೊಸವು ಬಂದಿರುತ್ವೆ."

ಯೋಗಿತಾಳ ಮುಖ ಕೆಂಪಾಯಿತು. ಎಳನೀರಿನಲ್ಲಿ ಪೊಟ್ಯಾಶಿಯಂ ಹೆಚ್ಚು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವಳು ಅವಳು. ಆದರೆ ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ತೆಂಗಿನ ವಿಷಯದಲ್ಲಿ ನಮ್ಮ ಕಡೆ ನಡೆಯುವುದಿಲ್ಲ. ಜ್ವರಕ್ಕೂ ಎಳನೀರು, ಬಿಸಿಲಿಗೂ ಎಳನೀರು. ಕಾಯಿಲೆಯವರನ್ನು ನೋಡಲು ಹೊರಟವರು ತೋಟದಲ್ಲಿ ನಾಲ್ಕು ಕೆಡವಿಸಿಕೊಂಡೇ ಬಸ್ಸು ಹತ್ತುವುದು. ಅದು ತಿಂದ ಲೆಕ್ಕಕ್ಕೂ ಇಲ್ಲ, ಕುಡಿದ ಲೆಕ್ಕಕ್ಕೂ ಇಲ್ಲ. ದಿನವೂ ಆ ಮಂಚದ ಪಕ್ಕ ನಿಂತಿದ್ದ ಯೋಗಿತಾ ಅವನ್ನು ಕಂಡಿದ್ದಳು. ತಮ್ಮ ಮನೆಯ ಜಗಲಿಯಲ್ಲೂ ಹಾಗೇ ಬಿದ್ದಿರುತ್ತವಲ್ಲ, ಕಂಡು ಸುಮ್ಮನಾಗಿದ್ದಳು.

ಮೂವರೂ ಕೆಂಪಕ್ಕನ ಬಳಿಗೆ ಹೋದರು. ಯೋಗಿತಾ ಹೇಳಿದ್ದನ್ನು ಕೇಳಿ ಆಕೆ ಮಂಚದ ಅಂಚು ಹಿಡಿದುಕೊಂಡಳು.

"ನಾಲ್ಗೆ ಒಣಗ್ತದೆ ಅಂದ್ರು, ತಂಪಾಗ್ಲಿ ಅಂತ ನಾನೇ ಕುಡಿಸ್ದೆ ಕಣವ್ವ. ಹಂಗಾರೆ ನಾನೇ ಅವ್ರನ್ನ ಕೊಲ್ತಿದ್ನಾ?"

ಯೋಗಿತಾ ಆಕೆಯ ಪಕ್ಕಕ್ಕೆ ಬಂದು ಕೂತಳು.

"ಇಲ್ಲ ಅಜ್ಜಿ. ಕಿಡ್ನಿ ಸರಿ ಇರೋರಿಗೆ ಅದು ಒಳ್ಳೇದೇ. ತಾತಂಗೆ ಮಾತ್ರ ಆಗಲ್ಲ. ಕೇಳ್ಬೇಕಾದೋಳು ನಾನು, ಕೇಳ್ಲಿಲ್ಲ. ಇಂಪನಾ ಹೇಳಿದ್ದಕ್ಕೆ ಗೊತ್ತಾಯ್ತು."

ಮೂಗು ಮುರಿದಿದ್ದ ಹುಡುಗಿಯ ಬಾಯಲ್ಲೇ ಆ ಹೆಸರು ಬಂತು.

ಬೆಳಿಗ್ಗೆ ಪೊಟ್ಯಾಶಿಯಂ ಇಳಿದಿತ್ತು. ತುಮಕೂರಿನ ಮಾತು ಸದ್ಯಕ್ಕೆ ಬೇಡ, ಇನ್ನೂ ಎರಡು ದಿನ ನೋಡೋಣ ಎಂದರು ಡಾಕ್ಟರ್. ಅಷ್ಟರಲ್ಲಿ ಮಾಯಣ್ಣನ ತಮ್ಮ ಗಂಗರಾಜು ಮೂತಿ ಕೆತ್ತಿಸಿದ ಎಳನೀರಿನ ಚೀಲ ಹಿಡಿದು ಬಂದ. ಮಾಯಣ್ಣನಿಗೆ ಸಂಕಟ.

"ಪ್ರೀತಿಯಿಂದ ತಂದವ್ನೆ. ಹೆಂಗ್ ಬ್ಯಾಡ ಅನ್ನಾದು? ಒಂದೇ ಒಂದು ಗುಟುಕು..."

ಯೋಗಿತಾ ಬಾಯಿ ತೆರೆಯುವ ಮೊದಲೇ ಕೆಂಪಕ್ಕ ಎದ್ದಳು. ಒಂದು ಎಳನೀರು ತೆಗೆದು, ತೂತು ಮಾಡಿ, ಮೈದುನನ ಕೈಗೇ ಕೊಟ್ಟಳು.

"ನೀನೇ ಕುಡಿಯಪ್ಪ. ಬೇಜಾರಾದ್ರೆ ಮಾಡ್ಕೊ. ನಂಗೆ ಇವ್ರು ಬೇಕು."