ಕಮಿಟ್ ಮಾಡಬೇಡ ಎಂದ ಫೋನು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಮುಖದ ಮೇಲೇ ನಗುತ್ತಿದ್ದೆ. ಈಗ ನೀವು ನಗಬಹುದು. ಆದರೂ ಹೇಳುತ್ತೇನೆ.

ಬೆಳಗಾವಿಯ ರಾಮತೀರ್ಥ ನಗರದ ಒಂದು ಸಣ್ಣ ಕಚೇರಿಯಲ್ಲಿ ನಾವು ಐದು ಜನ ಸೇರಿ, ಹಳ್ಳಿಯ ನರ್ಸ್‌ಗಳಿಗಾಗಿ ಮಕ್ಕಳ ಔಷಧದ ಪ್ರಮಾಣ ಹೇಳುವ ಆ್ಯಪ್ ಮಾಡುತ್ತಿದ್ದೆವು. ಎಲ್ಲರೂ ಒಂದೇ ಕೋಡಿಗೆ ಕೈಹಾಕುವವರು. ಹಾಗಾಗಿ ಕೋಡಿನ ಬದಲಾವಣೆಯನ್ನು ದಾಖಲಿಸುವ 'ಕಮಿಟ್'ಗೆ ನಿಯಮ ಕಟ್ಟುನಿಟ್ಟು: ಒಂದು ಕಮಿಟ್‌ನಲ್ಲಿ ಒಂದೇ ಬದಲಾವಣೆ, ಅದು ಯಾಕೆಂದು ಜೊತೆಗೆ ಬರೆಯಬೇಕು, ಇನ್ನೊಬ್ಬರು ಓದದೆ ಮುಖ್ಯ ಕೋಡಿಗೆ ಸೇರಿಸುವಂತಿಲ್ಲ. ಓದುವುದರಲ್ಲಿ ನನ್ನ ಗೆಳತಿ ಪದ್ಮಾಳ ಕಣ್ಣು ಬಲು ಚುರುಕು. ಅವಳು ಕೊನೆಯ ಬದಲಾವಣೆಗಳನ್ನು ಅರ್ಧ ಓದಿ, ನೆಂಟರ ಮದುವೆಗೆಂದು ಖಾನಾಪುರದಾಚೆಯ ಗುಂಜಿಗೆ ಹೋಗಿದ್ದಳು.

ಅಂದು ಮಧ್ಯಾಹ್ನ ಖಾನಾಪುರದ ನರ್ಸ್‌ಗಳು ಆ್ಯಪ್ ಬಳಸಲು ಶುರುಮಾಡಬೇಕಿತ್ತು. ನಮ್ಮ ಮುಖ್ಯಸ್ಥ ಅಜಿತ್ ಸರ್ ನನ್ನ ಕುರ್ಚಿಯ ಹಿಂದೆಯೇ ನಿಂತರು.

"ಉಳದದ್ದೆಲ್ಲಾ ಒಂದs ಕಮಿಟ್‌ನ್ಯಾಗ ಹಾಕಿ ಸೇರಿಸಿಬಿಡ್ರಿ. ನಿಯಮ ನಾಳೆ ನೋಡೂಣು."

"ಓದದs ಸೇರಸಂಗಿಲ್ರಿ ಸರ್."

"ಜವಾಬ್ದಾರಿ ನಂದು. ನೀವು ಒತ್ತರಿ!"

ಆಗ ಮೇಜಿನ ಮೇಲಿದ್ದ ನನ್ನ ಫೋನ್ ರಿಂಗಾಯಿತು. ಎತ್ತಿದೆ. ಪದ್ಮಾಳ ದನಿ: "ಒಟ್ಟಿಗೆ ಹಾಕಬ್ಯಾಡ. ಮಕ್ಕಳ ತೂಕದ್ದು ಬ್ಯಾರೆ ತಗದು ನೋಡು." ಅಷ್ಟಕ್ಕೇ ಕಟ್ಟಾಯಿತು.

ನಾನು ಕೀಬೋರ್ಡಿನಿಂದ ಕೈ ತೆಗೆದೆ. "ಬೇಕಾದ್ರ ಕೆಲಸದಿಂದ ತಗೀರಿ ಸರ್, ನಾ ಒತ್ತಂಗಿಲ್ಲ" ಎಂದೆ. ಅವರು ಕೂಗಾಡಿದರು. ಖಾನಾಪುರದಿಂದ ಮೇಲಿಂದ ಮೇಲೆ ಕರೆಗಳು ಬಂದವು. ನಾನು ಏಳಲಿಲ್ಲ. ಬದಲಾವಣೆಗಳನ್ನು ಒಂದೊಂದಾಗಿ ಬಿಡಿಸಿ ಓದುತ್ತಾ ಹೋದೆ. ತೂಕದ ಲೆಕ್ಕದಲ್ಲಿ ದಶಾಂಶದ ಚುಕ್ಕೆಯೊಂದು ಬಿಟ್ಟುಹೋಗಿತ್ತು. ಕೂಸಿಗೆ ಕೊಡಬೇಕಾದ ಜ್ವರದ ಔಷಧವನ್ನು ಆ್ಯಪ್ ಹತ್ತು ಪಟ್ಟು ತೋರಿಸುತ್ತಿತ್ತು. ಅದನ್ನು ಕಂಡ ಸರ್ ತಾವೇ ಖಾನಾಪುರಕ್ಕೆ ಫೋನ್ ಮಾಡಿ, ಇವತ್ತು ಬೇಡ ಎಂದರು.

ಮರುದಿನ ತಿದ್ದಿದ ಆ್ಯಪ್ ತೆಗೆದುಕೊಂಡು ಖಾನಾಪುರಕ್ಕೆ ಹೋದೆ. ಗುಂಜಿಯಿಂದ ರೈಲಿಗೆ ಬಂದ ಪದ್ಮಾಳ ಕೈಹಿಡಿದು, ಫೋನ್ ಮಾಡಿ ಉಳಿಸಿದೆ ಎಂದೆ. ಅವಳು ಗಾಬರಿಯಾದಳು.

"ನಾ ಎಲ್ಲಿ ಮಾಡಿದ್ನೇ? ನನ್ನ ಫೋನ್ ಬೆಳಗಾವ್ಯಾಗ ಮನ್ಯಾಗs ಬಂದ್ ಬಿದ್ದೈತಿ. ಆ ತೂಕದ ಲೆಕ್ಕದ ಮ್ಯಾಲೆ ಅನುಮಾನ ಬಂದು, ಮಾಡಬೇಕಂತ ಜೀವ ಹೊಡಕೊಳ್ಳಾಕತ್ತಿತ್ತು, ಖರೇ. ಆದ್ರ ನಿನ್ನ ನಂಬರ್ ನನಗೆಲ್ಲಿ ಬಾಯಿಪಾಠ ಐತಿ?"

ನನ್ನ ಫೋನ್ ತೆಗೆದು ನೋಡಿದೆವು. ಅವಳ ಕರೆ ಬಂದ ಗುರುತೇ ಇರಲಿಲ್ಲ.

ಒತ್ತಡದಲ್ಲಿ ಹುಟ್ಟಿದ ಭ್ರಮೆ ಎನ್ನುವವರಿದ್ದಾರೆ. ಅನ್ನಲಿ. ನಾನೊಬ್ಬಳೇ ಕೇಳಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ. ಅಜಿತ್ ಸರ್ ಅವರನ್ನು ಇವತ್ತು ಕೇಳಿದರೂ, "ಫೋನ್ ಬಂದಿತ್ತು, ಖರೇ" ಎನ್ನುತ್ತಾರೆ. ಯಾರದು ಎಂದರೆ ಮಾತ್ರ ಎದ್ದು ಹೋಗುತ್ತಾರೆ.